ಚಹಾದ ಮುಚ್ಚಳದ ಮೇಲೆ ನಿಂತ ಫ್ಯಾಕ್ಟರಿ

ದುಬೈಗೆ ಬಂದ ಮೊಟ್ಟಮೊದಲ ಕಂಪ್ಯೂಟರನ್ನು ಹಡಗಿನಿಂದ ಇಳಿಸಿ ಹೆಗಲ ಮೇಲೆ ಹೊತ್ತವನು ನಾನು. ಸಾಕ್ಷಿ ಕೇಳಬೇಡಿ. ಹಡಗಿನವನು ತೀರಿಕೊಂಡ, ತರಿಸಿದ ಸೇಠ್ ಊರಿಗೆ ಹೋದವನು ಪತ್ತೆಯಿಲ್ಲ, ಇಳಿಸಿದ ಬಂದರು ಧಕ್ಕೆಯ ಜಾಗದಲ್ಲಿ ಈಗ ನಲವತ್ತು ಮಹಡಿ ಎದ್ದಿದೆ. ಅಂದು ಹೆಗಲೇರಿದ ಶನಿ ಇಂದಿಗೂ ಇಳಿದಿಲ್ಲ. ಓದಿದವರು ಕೆಡಿಸುವುದು, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಸರಿಮಾಡುವುದು, ಇದು ನಡೆಯುತ್ತಲೇ ಉಂಟು.

ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಒಂದು ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿಯಲ್ಲಿ ನಾನು ಆಫೀಸ್ ಬಾಯ್. ಪ್ರಾಯ ಅರುವತ್ತು ದಾಟಿತು, ಇನ್ನೂ ಬಾಯ್! ಚಹಾ ಮಾಡುವುದು, ಮೇಜು ಒರೆಸುವುದು ನನ್ನ ಕೆಲಸ. ಅರುವತ್ತಾದವರನ್ನು ಊರಿಗೆ ಕಳಿಸುವುದು ನಮ್ಮ ಕಂಪನಿಯ ಪದ್ಧತಿ. ಎರಡು ವರ್ಷಕ್ಕೊಮ್ಮೆ ವೀಸಾ ಮುಗಿಯುವಾಗ ನನ್ನ ಫೈಲು ಮ್ಯಾನೇಜರನ ಮೇಜಿಗೆ ಬರುತ್ತದೆ. ಊರಲ್ಲಿ ನಾನು ಎಂತ ಮಾಡುವುದು? ಅಲ್ಲಿ ನನ್ನ ಚಹಾ ಕುಡಿಯುವವರು ಯಾರೂ ಇಲ್ಲ. ಪ್ರತಿ ಸಲ ಹೇಗೋ ಉಳಿದುಕೊಳ್ಳುತ್ತೇನೆ. ಹೇಗೆಂದು ಕೇಳಿ.

ನಾನು ಹೇಳುವ ಇದನ್ನೆಲ್ಲ ಬರೆದುಕೊಳ್ಳುತ್ತಿರುವವಳು ನನ್ನ ತಂಗಿಯ ಮಗಳು. ಮನೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಕೆಲಸ ಟೈಪಿಂಗ್ ಸೆಂಟರಿನಲ್ಲಿ, ಜನರ ವೀಸಾ ಅರ್ಜಿ ತುಂಬುವುದು. ನನ್ನದನ್ನೂ ಅವಳೇ ತುಂಬುವುದು.

೧. ಮುಚ್ಚಳ

ನಮ್ಮಲ್ಲಿ ರಟ್ಟು ಕತ್ತರಿಸುವ ಹಳೆಯ ಯಂತ್ರ ಒಂದುಂಟು. ಅದನ್ನು ನಡೆಸುವ ಪ್ರೋಗ್ರಾಮ್ ಇನ್ನೂ ಹಳೆಯದು. ಕಂಪ್ಯೂಟರಿಗೆ ಹೊಸ ವರ್ಷನ್ ಹಾಕಿದರೆ, ಭಟ್ಟರ ಎಲೆಗೆ ಬಂಗುಡೆ ಮೀನು ಬಡಿಸಿದ ಹಾಗೆ ಯಂತ್ರ ಎದ್ದೇ ಹೋಗುತ್ತದೆ.

ಒಂದು ಬೆಳಿಗ್ಗೆ ನೋಡಿದರೆ ಕಂಪ್ಯೂಟರ್ ತಾನಾಗಿಯೇ ಹೊಸ ವರ್ಷನ್ ಹಾಕಿಕೊಂಡು ಹೊಸತಾಗಿ ಕೂತಿದೆ. ಯಂತ್ರ ಸ್ತಬ್ಧ. ರಂಜಾನಿನ ಖರ್ಜೂರದ ಪೆಟ್ಟಿಗೆ ಅರ್ಧಕ್ಕೇ ನಿಂತಿತು. ಮೈಸೂರು ಕಡೆಯ ಇಂಜಿನಿಯರ್ ಹುಡುಗ ಇಂಟರ್‌ನೆಟ್ಟನ್ನೆಲ್ಲ ಜಾಲಾಡಿ, "ಹಳೇ ವರ್ಷನ್ ಪ್ರಪಂಚದಲ್ಲೇ ಇಲ್ಲ ಸಾರ್" ಎಂದ. ಮ್ಯಾನೇಜರ್ "ಖಲಾಸ್" ಎಂದು ತಲೆ ಮೇಲೆ ಕೈಯಿಟ್ಟ. ಅವನ ಮೊಣಕೈಯ ಕೆಳಗೇ ನನ್ನ ಫೈಲು.

ನಾನು ಶುಂಠಿ ಚಹಾ ತಂದೆ. ಇಂಜಿನಿಯರ್ ಗ್ಲಾಸಿನ ಮುಚ್ಚಳ ತೆಗೆದವನು ಗ್ಲಾಸು ಬಿಟ್ಟು ಮುಚ್ಚಳವನ್ನೇ ದಿಟ್ಟಿಸಿದ.

"ಅಂಕಲ್, ಈ ಸಿಡಿ ಎಲ್ಲಿತ್ತು?"

"ಹದಿನೈದು ವರ್ಷದಿಂದ ನಿಮ್ಮ ಚಹಾದ ಮೇಲೆಯೇ ಇತ್ತು ಮಾರಾಯ್ರೇ. ನೊಣ ಬೀಳಬಾರದಲ್ಲ."

ಹಿಂದೆ ಯಾರೋ ಬಿಸಾಡಿದ್ದ ಸಿಡಿಗಳನ್ನು ನಾನು ಮುಚ್ಚಳ ಮಾಡಿಕೊಂಡಿದ್ದೆ. ಹಳೆಯ ವರ್ಷನ್ ಅದರಲ್ಲೇ ಇತ್ತು. ಒರೆಸಿ ಹಾಕಿದರು, ಯಂತ್ರ ಓಡಿತು, ನನ್ನ ಫೈಲಿಗೆ ಸಹಿ ಬಿತ್ತು. ಶುಂಠಿ ಬೆರೆತ ಸಾಫ್ಟ್‌ವೇರ್ ಇರುವುದು ಈ ಭೂಮಿಯ ಮೇಲೆ ನಮ್ಮಲ್ಲಿ ಮಾತ್ರ.

೨. ಅನ್ನದ ಕೆಳಗೆ

ಎರಡು ವರ್ಷ ಕಳೆಯಿತು. ಆ ಹುಡುಗ ಕೆಲಸ ಬಿಟ್ಟು, ಟೈ ಕಟ್ಟಿದ ಹೊಸ ಇಂಜಿನಿಯರ್ ಬಂದಿದ್ದ. ಬಂದವನೇ ಸಿಡಿ ಕೊಳಕು ಎಂದು ಎಲ್ಲ ಬಿಸಾಡಿಸಿ, ಸ್ಟೀಲಿನ ಮುಚ್ಚಳ ತರಿಸಿದ. ಅದೇ ತಿಂಗಳು ಕಂಪ್ಯೂಟರ್ ಮತ್ತೆ ತಾನಾಗಿಯೇ ಹೊಸತಾಯಿತು!

"ಈಗ ಸ್ಟೀಲಿನ ಮುಚ್ಚಳವನ್ನೇ ತುರುಕಿ ನೋಡಿ" ಎಂದೆ. ಟೈ ಸಡಿಲವಾಯಿತು.

ನನಗೆ ಮಾತ್ರ ಗೊತ್ತಿತ್ತು, ನಮ್ಮ ಒಂದು ಹಳೆಯ ಕಂಪ್ಯೂಟರ್ ಮರುಭೂಮಿ ನಡುವಿನ ಮದೀನತ್ ಜಾಯೆದ್‌ನ ಕಾರ್ಮಿಕರ ಕ್ಯಾಂಪಿಗೆ ಹೋಗಿದೆ ಎಂದು. ಪಿಕಪ್ಪಿಗೆ ಹೊತ್ತು ಹಾಕಿದವನೇ ನಾನು. ಇಂಜಿನಿಯರನನ್ನು ಕರೆದುಕೊಂಡು ಹೊರಟೆ. ದಾರಿಯಲ್ಲಿ ಮರಳುಗಾಳಿ. ಡ್ರೈವರನಿಗೆ ಅವನ ಕೈಯೇ ಕಾಣುವುದಿಲ್ಲ. ನಾನು ಕಿಟಕಿಯಿಂದ ಮೂಗು ಹೊರಗಿಟ್ಟು, ಒಂಟೆಯ ವಾಸನೆ ಬಂದರೆ ಎಡಕ್ಕೆ, ಪೆಟ್ರೋಲಿನ ವಾಸನೆ ಬಂದರೆ ಬಲಕ್ಕೆ ಎಂದು ದಾರಿ ತೋರಿಸಿದೆ.

ಕ್ಯಾಂಪಿನ ಅಡುಗೆಯವ ಕುಂದಾಪುರದ ಕಡೆಯವನು. ಕಂಪ್ಯೂಟರನ್ನು ಮಲಗಿಸಿ ಅದರ ಮೇಲೆ ಅನ್ನದ ಕುಕ್ಕರ್ ಇಟ್ಟಿದ್ದ. ಕುಕ್ಕರ್ ಇಳಿಸಿ, ಗಂಜಿ ಒರೆಸಿ, ವಯರು ಚುಚ್ಚಿದರೆ ಒಳಗೆ ಹಳೆಯ ವರ್ಷನ್ ಮದುಮಗನ ಹಾಗೆ ಕೂತಿದೆ.

ಇಂಜಿನಿಯರ್ ಬೆರಗಾಗಿ ಕೇಳಿದ: "ಇಷ್ಟು ವರ್ಷ ಇದು ಕೆಡದೆ ಹೇಗೆ ಉಳೀತು?"

ಅಡುಗೆಯವ ಸೌಟು ಆಡಿಸುತ್ತಾ ಹೇಳಿದ: "ಇಲ್ಲಿಗೆ ಇಂಜಿನಿಯರ್ ಯಾರೂ ಬರ್ಲಿಲ್ಲ ಅಲ್ದಾ?"

೩. ಇಸವಿ

ಕ್ಯಾಂಪಿನಿಂದ ತಂದ ಕಂಪ್ಯೂಟರಿನಿಂದ ಯಂತ್ರ ಓಡಿತು, ನನ್ನ ಫೈಲಿಗೂ ಸಹಿ ಬಿತ್ತು. ಮತ್ತೆರಡು ವರ್ಷ ಕಳೆದು ಈ ವರ್ಷ ಅಬುಧಾಬಿಯಿಂದ ಇಬ್ಬರು ಸಲಹೆಗಾರರು ಬಂದರು. ತೆಗೆದುಹಾಕಬೇಕಾದ ಹಳೆಯ ಸಾಮಾನಿನ ಪಟ್ಟಿ ಮಾಡಿದರು. ಇಂಜಿನಿಯರ್ ನನಗೆ ಓದಿ ಹೇಳಿದ: ಒಂದು, ಯಂತ್ರ. ಎರಡು, ಅದರ ಕಂಪ್ಯೂಟರ್. ಮೂರು, ಚಹಾ ವ್ಯವಸ್ಥೆ. ಚಹಾ ವ್ಯವಸ್ಥೆ ಎಂದರೆ ನಾನು. ನನ್ನ ಬದಲಿಗೆ ಬಟನ್ ಒತ್ತಿದರೆ ಚಹಾ ಸುರಿಯುವ ಒಂದು ಡಬ್ಬಿ.

ಮರುದಿನವೇ ಆ ಕ್ಯಾಂಪಿನ ಕಂಪ್ಯೂಟರೂ ಹೊಸತಾಯಿತು. ಇಂಜಿನಿಯರ್ ಪ್ರತಿ ಮಾಡಿ ಎತ್ತಿಟ್ಟಿದ್ದ ಹಳೆಯ ಪ್ರೋಗ್ರಾಮನ್ನು ಮತ್ತೆ ಹಾಕಹೋದರೆ, ಅವಧಿ ಮುಗಿದಿದೆ ಎಂದಿತು. ಅದರದ್ದೂ ಮುಗಿದಿತ್ತು, ನನ್ನದೂ. ಸಲಹೆಗಾರರು, "ಹೊಸ ಯಂತ್ರ ಬರಲು ಆರು ತಿಂಗಳು" ಎಂದರು. ಮ್ಯಾನೇಜರ್ ಅಳುವುದೊಂದು ಬಾಕಿ.

ನಾನು ಸ್ಟೀಲಿನ ಮುಚ್ಚಳ ತೆಗೆಯುತ್ತಾ, "ಅದಕ್ಕೆ ಅವಧಿ ಮುಗಿದದ್ದು ಹೇಗೆ ಗೊತ್ತು? ನೀವು ತಾರೀಕು ತೋರಿಸಿದಿರಿ, ಹಾಗಾಗಿ. ಕಂಪ್ಯೂಟರಿನ ತಾರೀಕನ್ನು ಹಿಂದಕ್ಕೆ ತಿರುಗಿಸಿ" ಎಂದೆ.

"ಯಾವ ಇಸವಿಗೆ?" ಇಂಜಿನಿಯರ್ ಕೇಳಿದ.

ನಾನು ಚಹಾ ಕೋಣೆಯ ಗೋಡೆಯ ಬಿರುಕು ಮುಚ್ಚಲು ತೂಗುಹಾಕಿದ್ದ ಹಳೆಯ ಕ್ಯಾಲೆಂಡರ್ ತೋರಿಸಿದೆ. ತಿರುಗಿಸಿದರು. ಯಂತ್ರ ಗರ್ರ್ ಎಂದು ಎದ್ದಿತು. ಸಲಹೆಗಾರರು ತಮ್ಮ ಪಟ್ಟಿಯನ್ನು ಮಡಚಿ ಚಹಾದ ಗ್ಲಾಸಿನ ಅಡಿಗಿಟ್ಟರು.

ಈಗ ಇಡೀ ದುಬೈಗೆ ಒಂದು ಇಸವಿ, ನಮ್ಮ ಫ್ಯಾಕ್ಟರಿಗೆ ಬೇರೆ ಇಸವಿ. ಆ ಲೆಕ್ಕದಲ್ಲಿ ನನಗೆ ಇನ್ನೂ ಅರುವತ್ತಾಗಿಲ್ಲ, ಮತ್ತೆ ಕಳಿಸುವುದು ಹೇಗೆ?

ಇಷ್ಟು ಹೇಳುವಷ್ಟರಲ್ಲಿ ತಂಗಿಯ ಮಗಳು ಬರೆಯುವುದನ್ನು ನಿಲ್ಲಿಸಿದಳು.

"ಮಾವ, ಮೂರು ಸಲವೂ ಕಂಪ್ಯೂಟರ್ ಹೊಸತಾದದ್ದು ನಿಮ್ಮ ವೀಸಾ ಮುಗಿಯುವ ತಿಂಗಳು. ಅರ್ಜಿ ತುಂಬಿದ್ದು ನಾನು, ತಾರೀಕು ನೆನಪುಂಟು."

"ಇರಬಹುದು. ಯಂತ್ರಕ್ಕೂ ನನ್ನ ಮೇಲೆ ಪ್ರೀತಿ."

"ಹೊಸತು ಮಾಡಲಾ ಅಂತ ಕಂಪ್ಯೂಟರ್ ಮೊದಲು ಕೇಳ್ತದೆ. ಹೌದು ಅಂತ ಒತ್ತಿದ್ದು ಯಾರು?"

"ನನಗೆಂತ ಗೊತ್ತು? ಇಂಗ್ಲಿಷ್ ಓದಲು ಬರುವುದಿಲ್ಲ. ಆ ನೀಲಿ ಬಟನ್ನಿನಲ್ಲಿ ಎಂತ ಬರೆದಿದೆಯೋ, ದೇವರೇ ಬಲ್ಲ."

"ನೀಲಿ ಅಂತ ನಾನು ಹೇಳಲೇ ಇಲ್ಲವಲ್ಲ ಮಾವ?"

ಮೊದಲ ಕಂಪ್ಯೂಟರ್ ಹೊತ್ತ ಆ ಹೆಗಲನ್ನು ಒಮ್ಮೆ ಕುಣಿಸಿದೆ.

"ಮೇಜು ಒರೆಸುವಾಗ ಬಟ್ಟೆ ಎಲ್ಲೆಲ್ಲೋ ತಾಗ್ತದೆ ಮಗಾ. ಚಹಾ ಆರುತ್ತಾ ಉಂಟು, ಕುಡಿ."