ಒಂದೇ ಹಾಪಿನ ಹಠ

ನಾನು ಏನನ್ನಾದರೂ ಸರಿಯಾಗಿ ಮಾಡಲು ಹೊರಟರೆ ಸಾಕು, ಅದನ್ನು ಕೆಡಿಸಲು ಮನೆಯೊಳಗೇ ಯಾರಾದರೂ ಸಿದ್ಧರಿರುತ್ತಾರೆ. ಬಹಳ ಸಲ ಅದು ನಾನೇ.

ಅಮೆರಿಕದ ಸಿಯಾಟಲ್ ನಗರದ ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೊಲಿಗೆಯನ್ನೂ ಇಂಗ್ಲಿಷನ್ನೂ ಲೈಬ್ರರಿ ಪುಸ್ತಕ ಓದಿಯೇ ಕಲಿತೆ. ಪ್ಯಾಂಟು ಗಿಡ್ಡ ಮಾಡಿಸಲು ಬರುವ ಬಿಳಿಗಡ್ಡದ ಗಿರಾಕಿಯೊಬ್ಬ, ಮನೆಯಲ್ಲೇ ಬಿಯರ್ ತಯಾರಿಸುವವರ ಕ್ಲಬ್ಬಿನ ಹಿರಿಯ. ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ ಎಂಬ ಹೂವು; ನಾನೂ ಒಂದೇ ಜಾತಿಯ ಹಾಪ್ ಹಾಕಿ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಮಾಡುತ್ತೇನೆ ಎಂದೆ.

"ಅದು ಕಷ್ಟ. ನಾಲ್ಕು ಜಾತಿ ಬೆರೆಸಿದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಒಂದೇ ಆದರೆ ಮಾಡಿದವರ ಬಂಡವಾಳ ಬಯಲಾಗುತ್ತದೆ. ನೀವು ಎಲ್ಲ ಅಳೆದು ಕೊಡುವ ರೆಡಿ ಕಿಟ್ ತಗೊಳ್ಳಿ," ಎಂದ.

ನನಗೆ ಕಿಟ್! "ನಿಮ್ಮ ಕ್ಲಬ್ಬಿನ ಬೇಸಿಗೆ ಕೂಟದ ಮೇಜಿನ ಮೇಲೆ ನನ್ನ ಏಲ್ ಇಟ್ಟೇ ಇಡುತ್ತೇನೆ," ಎಂದುಬಿಟ್ಟೆ, ಅಂಗಡಿ ತುಂಬ ಇದ್ದ ಗಿರಾಕಿಗಳ ಎದುರಿಗೆ.

೧. ಕಂಬಳಿ

ಏಲಿನ ಯೀಸ್ಟಿಗೆ ತಂಪು ಬೇಕೆಂದು ಲೈಬ್ರರಿಯಿಂದ ತಂದ ಬಿಯರ್ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಸಿಯಾಟಲಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಕ್ಕಿಸಿದ ಕೈ ನನ್ನದು. ಬರೆದವನು ಎಂದಾದರೂ ಇಡ್ಲಿ ಮಾಡಿದ್ದನೇ? ಏಲಿನ ಜಾಡಿಗೆ ಕಂಬಳಿ ಸುತ್ತಿ, ದೀಪ ಹಾಕಿದ ಓವನ್ನಿನೊಳಗಿಟ್ಟೆ. ಉಕ್ಕಿತೋ ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದೆ. ಉಕ್ಕಿತು, ಓವನ್ ತುಂಬ ಉಕ್ಕಿತು. ಉಳಿದದ್ದರಲ್ಲಿ ಗಂಡ ಒಂದು ಗುಟುಕು ಕುಡಿದು ಲೋಟವನ್ನು ದೂರ ಸರಿಸಿದರು.

"ಉಗುರುಬಣ್ಣ ತೆಗೀಲಿಕ್ಕೆ ಒಳ್ಳೇದುಂಟು. ಇನ್ನು ಬಿಯರ್ ಯಾವಾಗ ಮಾಡ್ತೀ?"

೨. ಕೆಮ್ಮು

ಎರಡನೇ ಸಲ ಪುಸ್ತಕ ಹೇಳಿದಂತೆಯೇ ಮಾಡಿದೆ. ಅದೂ ಒಂದು ಅವಮಾನವೇ. ಪರಿಮಳಕ್ಕೆಂದು ಕೊನೆಯಲ್ಲಿ ಹಾಕಬೇಕಾದ ಹಾಪ್, ಹಸಿರು ಗುಳಿಗೆಗಳ ರೂಪದಲ್ಲಿ ಫ್ರೀಜರಿನಲ್ಲಿತ್ತು. ತೆಗೆಯಲು ಹೋದರೆ ಪೊಟ್ಟಣವೇ ಇಲ್ಲ. ಮಂಗಳೂರಿನಿಂದ ಬಂದಿದ್ದ ಅಮ್ಮನನ್ನು ಕೇಳಿದೆ.

"ಅದಾ? ಕಷಾಯ ಮಾಡಿ ಕುಡಿದೆ ಮಾರಾಯ್ತಿ. ಕಹಿ ಅಂದ್ರೆ ಕಹಿ! ಆದ್ರೆ ಕೆಮ್ಮು ನಿಂತಿತು."

"ಪೂರ್ತಿ ಕುಡಿದ್ಯಾ?"

"ಇಲ್ಲಪ್ಪ, ನಿನ್ನ ಗಂಡನಿಗೂ ಕೊಟ್ಟೆ."

ಹಾಪ್ ಮಾರುವ ಅಂಗಡಿಯಲ್ಲೂ ಆ ಜಾತಿಯದು ಮುಗಿದಿತ್ತು. ಬೇರೆಯದನ್ನು ಸೇರಿಸಿದರೆ ನನ್ನ ಹಠಕ್ಕೇನು ಅರ್ಥ? ಪರಿಮಳವಿಲ್ಲದೆ ಗಂಜಿ ತಿಳಿಯಂತಿದ್ದ ಏಲನ್ನು ಸಿಂಕಿಗೆ ಸುರಿದು, ತಲೆ ಮೇಲೆ ಕೈ ಹೊತ್ತು ಕೂತೆ. ಅಮ್ಮ ಬಂದು ಬೆನ್ನು ಸವರಿದರು.

"ಅಳ್ಬೇಡ. ಮುಂದಿನ ಸಲ ಎರಡು ಪೊಟ್ಟಣ ತಾ. ಒಂದು ನಾನು ಊರಿಗೆ ಕೊಂಡೋಗ್ತೇನೆ."

೩. ಕೂಟ

ಅದೇ ಜಾತಿಯ ಹೊಸ ಹಾಪ್ ಬಂದ ಮೇಲೆ ಮಾಡಿದ ಮೂರನೆಯದು ಸರಿಯಾಗಿ ಬಂತು ನೋಡಿ! ಲೋಟವನ್ನು ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ ಹಿಂಡಿದ ಪರಿಮಳ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕಣ್ಣೊರೆಸಿಕೊಂಡೆ.

ಕೂಟದ ದಿನ ಬೆಳಿಗ್ಗೆ ಕಪಾಟು ತೆಗೆದರೆ ಏಲಿನ ಬಾಟಲಿಗಳಿಲ್ಲ. ಎಲ್ಲವೂ ಸಿಂಕಿನ ಪಕ್ಕದಲ್ಲಿ, ಖಾಲಿಯಾಗಿ, ಚೆನ್ನಾಗಿ ತೊಳೆಸಿಕೊಂಡು ಬೋರಲಾಗಿ ನಿಂತಿದ್ದವು.

"ಚರ್ಚಿನ ಊಟಕ್ಕೆ ಸನ್ನ ಮಾಡ್ತೇನೆ ಅಂತ ಮಾತು ಕೊಟ್ಟಿದ್ದೇನೆ," ಎಂದರು ಅಮ್ಮ. ಸನ್ನ ಎಂದರೆ ನಮ್ಮ ಕಡೆ ಶೇಂದಿ ಹಾಕಿ ಉಬ್ಬಿಸುವ, ಇಡ್ಲಿಯಂಥ ತಿಂಡಿ. "ಈ ಊರಲ್ಲಿ ಶೇಂದಿ ಎಲ್ಲಿ ಉಂಟು? ನಿನ್ನದಕ್ಕೆ ಒಳ್ಳೆ ಪರಿಮಳ ಇತ್ತು. ನಿನ್ನೆಯೇ ಹಿಟ್ಟಿಗೆ ಹಾಕಿದೆ."

"ಅಮ್ಮಾ, ನಾನೂ ಮಾತು ಕೊಟ್ಟಿದ್ದೆ!"

"ಅದಕ್ಕೆಂತ? ನೀನೂ ನಾಲ್ಕು ಸನ್ನ ತಗೊಂಡು ಹೋಗು."

ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಬರುವುದಿಲ್ಲವೆಂದು ಫೋನ್ ಮಾಡುವ ಜಾತಿಯವಳಲ್ಲ ನಾನು. ಕೂಟಕ್ಕೆ ಹೋಗಿ, ಬಾಟಲಿಗಳ ಸಾಲಿನ ನಡುವೆ ಸನ್ನದ ಡಬ್ಬಿ ಇಟ್ಟು, "ಇದೇ ನನ್ನ ಏಲ್," ಎಂದೆ, ತಲೆಯೆತ್ತಿ. ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಬಿಳಿಗಡ್ಡದವನು ಒಂದು ಸನ್ನ ಎತ್ತಿ ಬೆಳಕಿಗೆ ಹಿಡಿದು ಬಣ್ಣ ನೋಡಿದ. ಮೂಸಿದ. ಕಚ್ಚಿ, ಕಣ್ಣು ಮುಚ್ಚಿ, ಬಾಯಲ್ಲಿ ಹೊರಳಿಸಿ ನುಂಗಿದ.

"ಹಾಪ್ ಒಂದೇ ಜಾತಿ, ನಿಜ," ಎಂದ, ಬಹಳ ಗಂಭೀರವಾಗಿ. "ಕಹಿಯೂ ಹದವಾಗಿದೆ. ನೊರೆ ಮಾತ್ರ ಸ್ವಲ್ಪ ಗಟ್ಟಿಯಾಯಿತು."