ಸೊಂಟಕ್ಕೆ ಬಾವಿಹಗ್ಗ, ಕಡಲಿಗೆ ಗಾಳ

ನನ್ನ ದೊಡ್ಡಮ್ಮನಿಗೆ ಈ ಭೂಮಿಯ ಮೇಲೆ ಬಾರದ ವಿದ್ಯೆ ಒಂದೇ ಒಂದು. 'ನನಗೆ ಗೊತ್ತಿಲ್ಲ' ಎಂದು ಹೇಳುವ ವಿದ್ಯೆ! ಉಳಿದದ್ದೆಲ್ಲ ಬರುತ್ತಿತ್ತು. ದನಕ್ಕೆ ಮದ್ದು ಅರೆಯುವುದು, ನೆರೆಮನೆಯವರ ರೇಡಿಯೋ ಬಿಚ್ಚುವುದು (ಮತ್ತೆ ಜೋಡಿಸುವುದು ಆ ಮನೆಯವರ ಕೆಲಸ), ಮೆಲ್ಕಾರಿನ ಹತ್ತಿರ ಏರು ಬಂದಾಗ ಬಸ್ಸಿನ ಹಿಂದಿನ ಸೀಟಿನಿಂದ 'ಈಗ ಎರಡನೇ ಗೇರು ಹಾಕು ಮಾರಾಯ' ಎಂದು ಡ್ರೈವರನಿಗೆ ಕೂಗುವುದು. ಸೀರೆಯ ಮೇಲೆ ತೀರಿಹೋದ ದೊಡ್ಡಪ್ಪನ ಖಾಕಿ ಅಂಗಿ, ತಲೆಗೆ ಮುಂಡಾಸಿನಂತೆ ಸುತ್ತಿದ ಬೈರಾಸು. ಈ ವೇಷದಲ್ಲಿ ಅವರು ಬಂಟ್ವಾಳ ಪೇಟೆಗೆ ಇಳಿದರೆ ಅಂಗಡಿಯವರು ತಮ್ಮ ತಕ್ಕಡಿಯನ್ನು ತಾವೇ ಒಮ್ಮೆ ನೋಡಿಕೊಳ್ಳುತ್ತಿದ್ದರು. ಇಂಥವರ ಕೈಯಲ್ಲಿ ನಾನು ಗಾಳ ಎಸೆಯಲು ಕಲಿತೆ. ಅದೂ ಹೊಳೆಗಲ್ಲ, ಕಡಲಿಗೆ!

ಮೀನು ಹಿಡಿಯುವ ಆಸೆ ನನಗಿತ್ತೇ? ಖಂಡಿತ ಇಲ್ಲ. ನನಗೆ ನೀರೆಂದರೆ ಪ್ರಾಣಭಯ. ಐದನೆಯ ವಯಸ್ಸಿನಲ್ಲಿ ರಜೆಗೆಂದು ದೊಡ್ಡಮ್ಮನ ಮನೆಗೆ ಬಂದಿದ್ದಾಗ ಹೊಳೆಗೆ ಬಿದ್ದವಳಂತೆ. ಹೇಗೆ ಬಿದ್ದೆ, ಯಾರು ತೆಗೆದರು ಎಂದು ಕೇಳಿದರೆ ಮನೆಯಲ್ಲಿ ಎಲ್ಲರೂ ಮಾತು ಬದಲಿಸುತ್ತಿದ್ದರು. ನನಗಂತೂ ಏನೂ ನೆನಪಿಲ್ಲ. ಮೈಗೆ ಮಾತ್ರ ನೆನಪಿತ್ತು. ಮುಖಕ್ಕೆ ಸೋಪು ಹಾಕುವಾಗಲೂ ಒಂದು ಕಣ್ಣು ತೆರೆದಿಟ್ಟು ಹಂಡೆಯ ಮೇಲೆ ನಿಗಾ ಇಡುತ್ತಿದ್ದೆ! ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು, ಗಂಟೆ ಹೊಡೆದರೆ ಮಲಗು ಎಂದು ಬೆಳೆದವಳು ನಾನು. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ, ಅಚ್ಚುಕಟ್ಟಾಗಿ ಮಾಡುತ್ತಿದ್ದೆ. ಹೆದರುವುದನ್ನೂ.

ಎಪ್ಪತ್ತರ ದಶಕದ ಒಂದು ಏಪ್ರಿಲ್ ತಿಂಗಳಲ್ಲಿ ನನಗೆ ಟೀಚರ್ ಕೆಲಸದ ಆರ್ಡರು ಬಂತು. ಬೆಳ್ತಂಗಡಿಯ ನಮ್ಮ ಮನೆಯಲ್ಲಿ ಪಾಯಸ ಮಾಡಿದರು. ಪಾಯಸ ಉಂಡಾದ ಮೇಲೆ ಅಪ್ಪ ಶಾಲೆಯ ಹೆಸರನ್ನು ಇನ್ನೊಮ್ಮೆ ಓದಿದರು. ಓದಿ ನನ್ನ ಮುಖ ನೋಡಿದರು. ಶಾಲೆ ಇದ್ದದ್ದು ದೊಡ್ಡಮ್ಮನ ಮನೆಯ ಎದುರು ದಡದಲ್ಲಿ. ನಾನು ಉಳಿಯಬೇಕಾದದ್ದು ದೊಡ್ಡಮ್ಮನಲ್ಲಿ, ನಡುವೆ ನೇತ್ರಾವತಿ. ಸೇತುವೆ ಹಿಡಿದು ಸುತ್ತಿ ಹೋದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ. ಉಳಿದದ್ದು ಕಡವಿನ ದೋಣಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ವರ್ಷವಿಡೀ! ಜೂನ್ ಮೊದಲ ದಿನ ಹಾಜರಾಗದಿದ್ದರೆ ಆರ್ಡರು ರದ್ದು ಎಂದು ಕೊನೆಯ ಸಾಲಿನಲ್ಲಿ ಬರೆದಿತ್ತು.

ನಾನು ಅಳುತ್ತಾ ದೊಡ್ಡಮ್ಮನ ಮನೆಗೆ ಹೋದೆ. ಅವರು ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಎಷ್ಟು ಭಾನುವಾರ ಉಂಟು ಜೂನಿಗೆ?"

"ಆರು," ಎಂದೆ. ಇಂಥ ಲೆಕ್ಕ ನನ್ನ ಬಾಯಲ್ಲೇ ಇರುತ್ತಿತ್ತು.

"ಸಾಕು. ಕಡಲಿಗೆ ಹೋಗುವ."

"ಹೊಳೆಗೆ ಹೆದರುವವಳನ್ನು ಕಡಲಿಗೆ ಕರಕೊಂಡು ಹೋಗುವುದಾ ದೊಡ್ಡಮ್ಮ?"

"ಮತ್ತೆ? ಕಡಲ ಎದುರು ನಿಂತು ಬಂದವಳಿಗೆ ಹೊಳೆ ಅಂದ್ರೆ ಎಂಥ? ಅಂಗಳದಲ್ಲಿ ಚೆಲ್ಲಿದ ನೀರು!"

"ಅಲ್ಲಿ ನಿಂತು ನಾನು ಮಾಡುವುದಾದರೂ ಏನು?"

"ಸುಮ್ಮನೆ ನಿಂತರೆ ಹೆದರಿಕೆ ಆಗ್ತದೆ. ಕೈಗೊಂದು ಕೆಲಸ ಬೇಕು. ಗಾಳ ಹಾಕು. ನಾನು ಕಲಿಸ್ತೇನೆ."

"ನಿಮಗೆ ಬರ್ತದಾ?"

ಈ ಪ್ರಶ್ನೆಯನ್ನು ಅವರ ಎದುರು ಯಾರೂ ಕೇಳಬಾರದು. ಅವರು ಅಡಿಕೆಯನ್ನು ಕೆಳಗಿಟ್ಟು ನನ್ನನ್ನು ನೋಡಿದ ರೀತಿಗೆ, ಕಡಲೇ ವಾಸಿ ಎನಿಸಿತು.

ಮರುದಿನವೇ ಅಂಗಳದಲ್ಲಿ ಪಾಠ ಶುರು. ಇಪ್ಪತ್ತು ಮಾರು ನೈಲಾನಿನ ತಂಗೂಸಿ ದಾರ, ತುದಿಯಲ್ಲಿ ಸೀಸದ ಗುಂಡು, ಅದಕ್ಕಿಂತ ತುಸು ಮೇಲೆ ಕೊಕ್ಕೆ. ಎಡಗೈಯಲ್ಲಿ ದಾರದ ಸುರುಳಿಯನ್ನು ಸಡಿಲವಾಗಿ ಹಿಡಿಯಬೇಕು, ಬಲಗೈಯಲ್ಲಿ ಗುಂಡನ್ನು ತಲೆಯ ಮೇಲೆ ಮೂರು ಸುತ್ತು ತಿರುಗಿಸಬೇಕು, ಮೂರನೆಯ ಸುತ್ತಿಗೆ ಬಿಡಬೇಕು. ಗುರಿಗೆ ಅಂಗಳದ ಆಚೆ ತುದಿಯಲ್ಲಿ ಅಕ್ಕಿ ಕೇರುವ ಒಂದು ಗೆರಸೆ ಇಟ್ಟರು. ಗೆರಸೆಯ ಪಕ್ಕದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ನನ್ನ ಮೊದಲ ಬೇಟೆ ಹಪ್ಪಳ. ಎರಡನೆಯದೂ ಹಪ್ಪಳ. ಮೂರನೆಯ ಸಲ ಕೊಕ್ಕೆ ಹಿಂದಕ್ಕೆ ಹಾರಿ ದೊಡ್ಡಮ್ಮನ ತಲೆಯ ಬೈರಾಸನ್ನು ಕಿತ್ತುಕೊಂಡು ಹೋಗಿ ದಾಸವಾಳದ ಗಿಡಕ್ಕೆ ಹಾಕಿತು! ಅವರು ಬರಿದಾದ ತಲೆಯನ್ನು ಒಮ್ಮೆ ಸವರಿಕೊಂಡರು.

"ದೂರ ಒಳ್ಳೆದು ಹೋಗಿದೆ. ದಿಕ್ಕು ಮಾತ್ರ ಸರಿ ಮಾಡಿಕೋ."

ಮೊದಲ ಭಾನುವಾರ ಬಂತು. ನನ್ನ ಅಂದಿನ ವೇಳಾಪಟ್ಟಿ ಹೀಗಿತ್ತು: ಐದಕ್ಕೆ ಏಳುವುದು, ಐದೂಕಾಲಕ್ಕೆ ಹೆದರಲು ಶುರುಮಾಡುವುದು, ಆರಕ್ಕೆ ಮೊದಲ ಬಸ್ಸು, ಮಂಗಳೂರಿನವರೆಗೂ ದೇವರ ನಾಮ, ಅಲ್ಲಿಂದ ಇನ್ನೊಂದು ಬಸ್ಸು, ಎಂಟಕ್ಕೆ ಕಡಲು. ದೊಡ್ಡಮ್ಮನ ಚೀಲದಲ್ಲಿ ಅವಲಕ್ಕಿ, ಒಂದು ತೆಂಗಿನ ಗೆರಟೆಯಲ್ಲಿ ಹಸಿ ಸೆಗಣಿಯೊಳಗೆ ಮಿಸುಕಾಡುವ ಎರೆಹುಳ, ಮತ್ತು ಮನೆಯ ಬಾವಿಯ ಹಗ್ಗ. ಅಂದು ನೀರು ಸೇದಲು ಹಗ್ಗವಿಲ್ಲದೆ ಕೆಲಸದಾಕೆ ನೆರೆಮನೆಗೆ ಕೊಡ ಹಿಡಿದು ಹೋದಳಂತೆ.

ಬಸ್ಸಿನಲ್ಲಿ ಕಂಡಕ್ಟರ್ ಹಗ್ಗ ನೋಡಿ ಕೇಳಿದ, "ಅಮ್ಮ, ದನ ತರ್ಲಿಕ್ಕಾ?"

"ಅಲ್ಲ. ಕಟ್ಟಿಕೊಂಡೇ ಹೋಗುವುದು," ಎಂದು ದೊಡ್ಡಮ್ಮ ನನ್ನನ್ನು ತೋರಿಸಿದರು.

ಕಡಲನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಬ್ಬಾ! ಹೊಳೆಯಾದರೆ ತನ್ನ ಪಾಡಿಗೆ ಬದಿಯಿಂದ ಹೋಗುತ್ತದೆ. ಇದು ನೇರ ನನ್ನ ಕಡೆಗೇ ಬರುತ್ತಿತ್ತು. ಹೋಯಿತಲ್ಲ ಎಂದು ಉಸಿರು ಬಿಟ್ಟರೆ ಮತ್ತೆ ಬರುತ್ತಿತ್ತು. ದೊಡ್ಡಮ್ಮ ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದರು.

"ಇನ್ನೊಂದು ತುದಿ ಆ ಗಾಳಿಮರಕ್ಕೆ ಕಟ್ತೇನೆ. ನೀನು ಎಲ್ಲಿಗೂ ಹೋಗುವುದಿಲ್ಲ. ಮುಂದೆ ನೋಡು. ನಾನು ಹೇಳುವವರೆಗೆ ಹಿಂದೆ ತಿರುಗಲೇಬಾರದು. ತಿರುಗಿದವಳಿಗೆ ವಿದ್ಯೆ ಹತ್ತುವುದಿಲ್ಲ."

ನಾನು ನಿಯಮ ಪಾಲಿಸುವವಳು. ತಿರುಗಲಿಲ್ಲ. ಪಾದ ಒದ್ದೆಯಾಗುವಷ್ಟು ನೀರಿಗೆ ಇಳಿದು, ಗುಂಡು ತಿರುಗಿಸಿ ಬಿಟ್ಟೆ. ಕೊಕ್ಕೆ ನನ್ನದೇ ಸೀರೆಯ ನೆರಿಗೆಗೆ ಸಿಕ್ಕಿತು.

"ಭಾರೀ ಲಾಯ್ಕಾಯ್ತು! ಸರೀ ನಡುವಿಗೇ ಬಿತ್ತು!" ಎಂದು ಹಿಂದಿನಿಂದ ದೊಡ್ಡಮ್ಮ ಕೂಗಿದರು.

ನಡುವಿಗೆ ಬಿದ್ದದ್ದು ನಿಜವೇ. ಆದರೆ ನನ್ನ ನಡುವಿಗೆ! ಬಿಡಿಸಿಕೊಂಡು ಮತ್ತೆ ಎಸೆದೆ. ಈ ಸಲ ಗುಂಡು ನೆಟ್ಟಗೆ ನೀರಿಗೆ ಹೋಯಿತು. "ಅಯ್ಯೋ, ಮರಳಿಗೆ ಬಿತ್ತು, ಇನ್ನೊಮ್ಮೆ!" ಎಂದರು. ಅಲೆ ಮೊಣಕಾಲಿಗೆ ಹೊಡೆದು ನಾನು ಕಿರುಚಿದಾಗ "ಈಗ ಅಲೆ ಇಲ್ಲ, ಧೈರ್ಯದಲ್ಲಿ ಮುಂದೆ ಹೋಗು" ಎಂದರು. ಕಡಲ ವಿದ್ಯೆ ತುಂಬಾ ಆಳವಾದದ್ದು, ಅದರ ಪರಿಭಾಷೆಯೇ ಬೇರೆ ಎಂದು ನಾನು ಅಂದುಕೊಂಡೆ.

ಬದಿಯಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕ ಬಹಳ ಹೊತ್ತು ನೋಡಿ, ಎದ್ದು ಬಂದು ಗೆರಟೆಯೊಳಗೆ ಇಣುಕಿದ.

"ಅಕ್ಕಾ, ಇದೆಂಥದು? ಎರೆಹುಳವಾ?"

"ನಮ್ಮ ತೋಟದ್ದು," ಎಂದರು ದೊಡ್ಡಮ್ಮ ಜಂಬದಿಂದ.

"ಕಡಲ ಮೀನಿಗೆ ನಿಮ್ಮ ತೋಟ ಗೊತ್ತುಂಟಾ?"

"ತಿಂದು ನೋಡಲಿ. ಗೊತ್ತಾಗ್ತದೆ."

ಮೂರು ಭಾನುವಾರ ಯಾವ ಮೀನೂ ತಿಂದು ನೋಡಲಿಲ್ಲ. ನಾಲ್ಕನೆಯ ಭಾನುವಾರ ಮುದುಕನೇ ಕನಿಕರದಿಂದ ಒಂದು ಮುಷ್ಟಿ ಸಿಗಡಿ ಕೊಟ್ಟ. ನೀರು ಎಲ್ಲಿ ಕಂದಾಗಿ ಕಾಣುತ್ತದೋ ಅಲ್ಲಿಗೆ ಎಸೆಯಬೇಕು, ಎಸೆದ ಮೇಲೆ ದಾರವನ್ನು ಬೆರಳ ಮೇಲೆ ಇಟ್ಟುಕೊಂಡು ಕಾಯಬೇಕು ಎಂದು ಹೇಳಿಕೊಟ್ಟ. "ಕಣ್ಣಲ್ಲಿ ನೋಡ್ಬೇಡಿ ಮಗಳೇ, ಬೆರಳಲ್ಲಿ ಕೇಳಿ," ಎಂದ. ದೊಡ್ಡಮ್ಮ ಹಿಂದಿನಿಂದ, "ಅದನ್ನೇ ನಾನು ಮೊನ್ನೆಯಿಂದ ಹೇಳುವುದು!" ಎಂದರು. ಅವರು ಒಮ್ಮೆಯೂ ಹೇಳಿರಲಿಲ್ಲ.

ಹೆದರಿಕೆ ಹೋಯಿತೇ ಎಂದು ಕೇಳುತ್ತೀರಾ? ಹೋಗಲಿಲ್ಲ. ಪ್ರತಿ ಶನಿವಾರ ರಾತ್ರಿ ಊಟ ಸೇರುತ್ತಿರಲಿಲ್ಲ. ಆದರೆ ಕಡಲ ಎದುರು ಬೆರಳ ಮೇಲೆ ದಾರ ಇದ್ದಷ್ಟು ಹೊತ್ತು ಹೆದರಿಕೆಗೆ ಕೂರಲು ಜಾಗ ಇರುತ್ತಿರಲಿಲ್ಲ. ಅದು ಪಕ್ಕದಲ್ಲಿ ನಿಂತು ಕಾಯುತ್ತಿತ್ತು.

ಐದನೆಯ ಭಾನುವಾರ, ಮೇ ತಿಂಗಳ ಮೂರನೆಯ ವಾರ. ಕಡಲಿನ ಬಣ್ಣ ಕೆಡಲು ಶುರುವಾಗಿತ್ತು, ಅಲೆ ಎತ್ತರವಾಗಿತ್ತು. "ಇವತ್ತು ಬೇಡ, ಮನೆಗೆ ಹೋಗಿ," ಎಂದ ಮುದುಕ. ನಾನು ತಿರುಗಿ ನೋಡದೆಯೇ ಕೇಳಿದೆ, "ದೊಡ್ಡಮ್ಮ, ಹಗ್ಗ ಮರಕ್ಕೆ ಸರಿಯಾಗಿ ಕಟ್ಟಿದ್ದೀರಲ್ಲ?" "ಆನೆ ಎಳೆದರೂ ಬಾರದು!" ಎಂದು ಉತ್ತರ ಬಂತು.

ಒಮ್ಮೆ ಎಸೆದೆ. ಎರಡನೆಯ ಸಲ ಎಸೆದು ಕಾಯುತ್ತಿದ್ದೆ. ಬೆರಳ ಮೇಲೆ ಟಕ್ ಎಂದಿತು. ಮತ್ತೆ ಟಕ್ ಟಕ್. ಎಳೆದೆ. ಆಚೆಯಿಂದಲೂ ಎಳೆಯಿತು! ಯಾರೋ ನೀರೊಳಗಿನಿಂದ ನನ್ನ ಕೈ ಹಿಡಿದಂತೆ. 'ಮೀನು!' ಎಂದು ಕೂಗಿ ಎರಡು ಹೆಜ್ಜೆ ಮುಂದೆ ಹೋದೆ. ಅಷ್ಟರಲ್ಲಿ ಒಂದು ದೊಡ್ಡ ಅಲೆ ಎದೆಗೆ ಅಪ್ಪಳಿಸಿತು. ಕಾಲ ಕೆಳಗಿನ ಮರಳು ಜಾರಿತು. ಮೂಗು ಬಾಯಿಗೆಲ್ಲ ಉಪ್ಪುನೀರು. ಐದನೆಯ ವಯಸ್ಸಿನ ಆ ಕತ್ತಲೆ ಒಂದು ಕ್ಷಣ ಹಾಗೆಯೇ ಬಂದು ಮುಚ್ಚಿತು. ಸೊಂಟದ ಹಗ್ಗ ಬಿಗಿಯಾಗಿ ನನ್ನನ್ನು ತಡೆದು ನಿಲ್ಲಿಸಿತು.

ಎದ್ದು ಕೆಮ್ಮುತ್ತಾ, ಮೊದಲ ಬಾರಿಗೆ ನಿಯಮ ಮುರಿದು ಹಿಂದೆ ತಿರುಗಿದೆ.

ಹಗ್ಗದ ಇನ್ನೊಂದು ತುದಿ ಮರಕ್ಕೆ ಕಟ್ಟಿರಲೇ ಇಲ್ಲ. ಅದು ದೊಡ್ಡಮ್ಮನ ಸೊಂಟಕ್ಕಿತ್ತು. ದೊಡ್ಡಮ್ಮ ಎರಡೂ ಕೈಯಿಂದ ಗಾಳಿಮರವನ್ನು ತಬ್ಬಿಕೊಂಡು, ಕೆನ್ನೆಯನ್ನು ಮರಕ್ಕೆ ಒತ್ತಿ, ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಕೂಗುತ್ತಿದ್ದರು: "ಹೆದರ್ಬೇಡಾ! ನಾನು ನೋಡ್ತಾ ಇದ್ದೇನೆ!"

ಐದೂ ಭಾನುವಾರ ನನಗೆ ಪಾಠ ಹೇಳಿದ್ದು ಕಣ್ಣು ಮುಚ್ಚಿಕೊಂಡು!

ಕೈಯಲ್ಲಿನ ದಾರ ಇನ್ನೂ ಎಳೆಯುತ್ತಿತ್ತು. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡುತ್ತಾ ಎಳೆದು ಹಾಕಿದೆ. ಗೇಣುದ್ದದ ಒಂದು ಕಾಣೆ ಮೀನು. ದೊಡ್ಡಮ್ಮ ಒಂದು ಕಣ್ಣು ತೆರೆದು ಅದನ್ನು ನೋಡಿ, "ಕಂಡಿತಾ? ನಾನು ಹೇಳಿದ ಹಾಗೇ ಎಸೆದದ್ದಕ್ಕೆ!" ಎಂದರು.

"ನಿಮಗೂ ನೀರಿಗೆ ಹೆದರಿಕೆಯಾ ದೊಡ್ಡಮ್ಮ?"

"ನನಗಾ? ಬಿಸಿಲಿಗೆ ಕಣ್ಣು ಉರಿಯಿತು ಮಾರಾಯ್ತಿ."

ಆರನೆಯ ಭಾನುವಾರ ಜೋರು ಮಳೆ. ಹೋಗಲಾಗಲಿಲ್ಲ. ನಾಲ್ಕು ದಿನಕ್ಕೆ ಜೂನ್ ಒಂದು.

ಅಂದು ದೊಡ್ಡಮ್ಮ ನನ್ನ ಜೊತೆ ಕಡವಿನ ಮೇಲಿನ ಮಾವಿನ ಮರದವರೆಗೆ ಬಂದು ಅಲ್ಲೇ ನಿಂತುಬಿಟ್ಟರು. ಹೆಗಲಲ್ಲಿ ಬಾವಿಹಗ್ಗ. ನನ್ನ ಕೈಗೆ ಸೀಸದ ಗುಂಡನ್ನು ಕೊಟ್ಟು, "ಮುಷ್ಟಿಯಲ್ಲಿ ಹಿಡಿದುಕೋ. ಕೈಗೊಂದು ಕೆಲಸ ಬೇಕು," ಎಂದರು. ನಾನು ಇಳಿದೆ. ದೋಣಿಗೆ ಕಾಲಿಟ್ಟಾಗ ಅದು ಓಲಾಡಿತು. ನಡುಹೊಳೆಯವರೆಗೆ ಮುಷ್ಟಿ ಬಿಗಿಹಿಡಿದು, ಗುಂಡಿನ ಭಾರವನ್ನು ಬೆರಳಲ್ಲೇ ಕೇಳುತ್ತಾ ಕೂತೆ.

ಮುದುಕ ದೋಣಿಯವ ಬಿದಿರಿನ ಜಲ್ಲ ಹಾಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ.

"ಟೀಚರೇ, ನೀವು ಆ ಮಗುವಾ? ಇದೇ ಕಡವಿನಲ್ಲಿ ದೋಣಿಯಿಂದ ಬಿದ್ದದ್ದು?"

"ಹೌದಂತೆ. ನನಗೆ ನೆನಪಿಲ್ಲ."

"ನಿಮ್ಮ ದೊಡ್ಡಮ್ಮನ ಮಡಿಲಿನಿಂದ ಜಾರಿದ್ದು. ಅವರೂ ಹಿಂದಿನಿಂದಲೇ ಹಾರಿದ್ರು. ಈಜು ಬರ್ತಿರಲಿಲ್ಲ ಪಾಪ! ನಿಮ್ಮ ಕೂದಲು ಮಾತ್ರ ಬಿಡಲಿಲ್ಲ. ಹಗ್ಗ ಎಸೆದು ಇಬ್ಬರನ್ನೂ ಎಳೆದು ಹಾಕಿದ್ದು ನಾನು. ಆಮೇಲೆ ಅವರು ಈ ಕಡವಿಗೆ ಬಂದದ್ದು ಇವತ್ತೇ."

ನಾನು ತಿರುಗಿ ನೋಡಿದೆ. ಮಾವಿನ ಮರದ ಬುಡದಲ್ಲಿ ಖಾಕಿ ಅಂಗಿ ಸಣ್ಣದಾಗಿ ಕಾಣುತ್ತಿತ್ತು. ಎರಡೂ ಕೈ ಮರದ ಸುತ್ತ.

ಅಂದು ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸಿದೆನೋ ನೆನಪಿಲ್ಲ. ಸಂಜೆ ದೋಣಿ ಈಚೆ ದಡಕ್ಕೆ ಬರುವಾಗ ನೋಡುತ್ತೇನೆ, ದೊಡ್ಡಮ್ಮ ಮರದ ಬುಡದಲ್ಲಿಲ್ಲ. ಕೆಳಗೆ ಇಳಿದು ಬಂದು, ನೀರಿನ ಅಂಚಿನಲ್ಲಿ, ಪಾದ ಒದ್ದೆಯಾಗುವಷ್ಟು ಹತ್ತಿರ ನಿಂತಿದ್ದರು. ಹಿಡಿದುಕೊಳ್ಳಲು ಅಲ್ಲಿ ಯಾವ ಮರವೂ ಇರಲಿಲ್ಲ.

"ಹತ್ತು ನಿಮಿಷ ತಡ!" ಎಂದು ಗದರಿದರು.

ಗದರುತ್ತಲೇ ಎಡಗೈಯಲ್ಲಿ ಹಗ್ಗದ ಸುರುಳಿ ಸಡಿಲಿಸಿ, ಬಲಗೈಯಲ್ಲಿ ತುದಿಯನ್ನು ತಲೆಯ ಮೇಲೆ ಮೂರು ಸುತ್ತು ತಿರುಗಿಸಿ ಬಿಟ್ಟರು. ಹಗ್ಗ ನೀರಿನ ಮೇಲಿಂದ ಹಾದು ಬಂದು ನೇರ ನನ್ನ ಮಡಿಲಿಗೆ ಬಿತ್ತು.

ಈ ಸಲ ಅವರ ಕಣ್ಣು ತೆರೆದಿತ್ತು.