ಪರಿವರ್ತನೆಗಳನ್ನು ವಿಸರ್ಜಿಸಲೇ?

ಕಾಸು ಇಸಕೊಂಡು ಕೆಲಸ ಕೆಡಿಸಿದವನನ್ನು ಬಾಯ್ತುಂಬ ಬಯ್ಯಬಹುದು. ಪುಕ್ಕಟೆ ಕೆಡಿಸಿದವನನ್ನು ಬಯ್ಯುವುದು ಕಷ್ಟ, ಪಾಪ ಎನಿಸುತ್ತದೆ. ಈ ಧೈರ್ಯದಿಂದಲೇ ನಾನು ಕೆಲವು ವರ್ಷಗಳಿಂದ ಕನ್ನಡ ಸೇವೆ ಮಾಡುತ್ತಿದ್ದೇನೆ.

ಕೊಳ್ಳೇಗಾಲದ ಕಾಲೇಜೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ನನ್ನ ಕಂಪ್ಯೂಟರನ್ನು ನಡೆಸುವುದು ಲಿನಕ್ಸ್ ಎಂಬ ತಂತ್ರಾಂಶ. ಊರೂರಿನ ಪುಣ್ಯಾತ್ಮರು ಬಿಟ್ಟಿ ದುಡಿದು ಕಟ್ಟಿದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅದರ ಪ್ಯಾಕೇಜುಗಳಲ್ಲಿ, ಅಂದರೆ ಒಂದೊಂದು ಕೆಲಸಕ್ಕೆಂದಿರುವ ಬಿಡಿ ತಂತ್ರಾಂಶಗಳಲ್ಲಿ, ಬರುವ ಇಂಗ್ಲಿಷ್ ಮಾತುಗಳನ್ನು ಕನ್ನಡಕ್ಕೆ ತರುವವರು ಬೇಕಾಗಿದ್ದಾರೆ ಎಂದು ಓದಿ, ಪತ್ರ ಬರೆಯುವ ಪ್ಯಾಕೇಜೊಂದನ್ನು ವಹಿಸಿಕೊಂಡೆ. ಬರೆದದ್ದನ್ನು ಉಳಿಸದೆ ಮುಚ್ಚಹೋದವರನ್ನು ಅದು ಕೇಳುವ ಪ್ರಶ್ನೆಯನ್ನು 'ಬದಲಾವಣೆ ಬಿಟ್ಟುಬಿಡಲೇ?' ಎಂದು ಬರೆದರೆ ಮೇಷ್ಟ್ರ ಮರ್ಯಾದೆ ಏನಾಗಬೇಕು? 'ಪರಿವರ್ತನೆಗಳನ್ನು ವಿಸರ್ಜಿಸಿ ನಿರ್ಗಮಿಸಲು ಅನುಮತಿಯಿದೆಯೇ?' ಎಂದು ಬರೆದೆ. ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಹೆಂಡತಿ ಅಡುಗೆಮನೆಯಿಂದಲೇ ಯಾವ ಪೂಜೆ ಎಂದು ಕೇಳಿದಳು.

ಹನೂರಿನ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕನ ಗಂಡ ಹಾಲಿನ ಡೈರಿಯ ಸೆಕ್ರೆಟರಿ. ಆ ಡೈರಿಯ ಹಳೇ ಕಂಪ್ಯೂಟರಿಗೂ ಲಿನಕ್ಸ್ ಹಾಕಿಕೊಟ್ಟವನು ನಾನೇ. ಹೊಸ ಅಪ್‌ಡೇಟಿನ ಜೊತೆ ನನ್ನ ಕನ್ನಡವೂ ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂತಿತ್ತು.

ಡೈರಿಯ ವಾರ್ಷಿಕ ಸಭೆಯ ದಿನ ಬಾವ ಬೆಳಿಗ್ಗೆಯಿಂದ ಕೂತು ವರದಿ ಟೈಪು ಮಾಡಿದ್ದರಂತೆ. ಮುಗಿಸಿ ಮುಚ್ಚಲು ಹೋದಾಗ ಪರದೆಯ ಮೇಲೆ ನನ್ನ ಆ ಪ್ರಶ್ನೆ ಎದ್ದಿದೆ. ಸ್ಟಾಫ್‌ರೂಮಿನಲ್ಲಿದ್ದ ನನಗೆ ಫೋನು ಮಾಡಿದರು.

"ಮಾದೇವ, ಇದೇನೋ ವಿಸರ್ಜಿಸ್ಲಾ ಅಂತ ಕೇಳ್ತದೆ ಕಣ್ಲಾ. ವಿಸರ್ಜನೆ ಅಂದ್ರೆ ಗಣಪತಿ ಮುಳುಗ್ಸೋದಲ್ವಾ?"

ಬರೆದವನು ನಾನೇ, ಆದರೆ ಯಾವ ಅರ್ಥದಲ್ಲಿ ಬರೆದೆನೆಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಸುತ್ತ ಸಹೋದ್ಯೋಗಿಗಳು ಕಿವಿಗೊಟ್ಟಿದ್ದರು. ಗೊತ್ತಿಲ್ಲ ಎನ್ನುವುದು ಹೇಗೆ? ವಿಸರ್ಜನೆ ಎಂದರೆ ಮೂಲದಲ್ಲಿ ಕಳಿಸಿಕೊಡುವುದು, ವರದಿ ಜೋಪಾನವಾಗಿ ಒಳಗೆ ಹೋಗುತ್ತದೆ ಎಂದು ಪಾಠ ಮಾಡಿ, "ಅನುಮತಿ ಕೊಡಿ ಬಾವ," ಎಂದೆ. ಕೊಟ್ಟರು. ವರದಿ ಹೋಯಿತು.

ಅರ್ಧ ದಿನ ರಜೆ ಬರೆದುಕೊಟ್ಟು ಹನೂರಿನ ಬಸ್ಸು ಹತ್ತಿದೆ. ನಾನು ಮುಟ್ಟುವ ಹೊತ್ತಿಗೆ ಸದಸ್ಯರು ಡೈರಿಯ ಜಗಲಿ ತುಂಬ ಕೂತಿದ್ದರು. ಕಂಪ್ಯೂಟರಿನ ಮುಂದೆ ಎಷ್ಟು ತಡಕಾಡಿದರೂ ಒಂದು ಸಾಲೂ ಸಿಕ್ಕಲಿಲ್ಲ. ಬಾವ ಬರಿಗೈಲಿ ಎದ್ದು ನಿಂತು, ನೆನಪಾದಷ್ಟು ಹೇಳಿದರು. ಹಾಲು ಅಳೆಯುವ ಹೆಂಗಸನ್ನೂ ನೆನೆದು ವಂದಿಸಿದರು. ಪಕ್ಕದಲ್ಲೇ ಕೂತಿದ್ದ ಅಧ್ಯಕ್ಷರನ್ನು ಮರೆತರು. ಅಧ್ಯಕ್ಷರು ಕಾಫಿ ಮುಟ್ಟದೆ ಎದ್ದು ಹೋದರು.

ಬಾವನ ಮುಖ ನೋಡಲಾಗಲಿಲ್ಲ. ನಾಳೆ ಅಧ್ಯಕ್ಷರ ಮನೆಗೇ ಹೋಗಿ ಸಮಾಧಾನ ಮಾಡಬೇಕು ಎಂದರು. ನನ್ನ ಮೇಲೆ ಅವರಿಗೆ ಕೋಪವಿರಲಿಲ್ಲ. ನಾನೂ ಆ ಕನ್ನಡಕ್ಕೆ ಮೋಸಹೋದೆನೆಂದೇ ನಂಬಿದ್ದರು. ಯಾರೋ ತಿಳಿಯದವರು ಬರೆದಿರಬೇಕು ಎಂದು ನಾನೂ ದನಿಗೂಡಿಸಿದೆ.

"ಆ ಬರ್ದೋನ್ಗೆ ಒಂದು ದೂರು ಆಕ್ಲಾ," ಎಂದರು.

ಹಾಕದೆ ವಿಧಿಯಿಲ್ಲ. ತಪ್ಪು ತಿಳಿಸುವ ಪುಟ ತೆರೆದೆ. ಎಮ್ಮೆ ಕಟ್ಟೋರಿಗೂ ತಿಳಿಯುವ ಹಾಗೆ ಬರೆಯಬೇಕು, ಬರೆದವನು ಅದನ್ನು ಮನೆಯವರಿಗಾದರೂ ಒಂದು ಸಲ ಓದಿ ಹೇಳಿದ್ದನೋ ಇಲ್ಲವೋ ಕೇಳು ಎಂದು ಬಾವ ಹೇಳುತ್ತ ಹೋದರು. ಕೈ ಸುಮ್ಮನಿರಬೇಕಲ್ಲ; ನಾನು ಅದನ್ನು 'ಜನಸಾಮಾನ್ಯರ ಗ್ರಹಿಕೆಗೆ ನಿಲುಕದ ಭಾಷಾಪ್ರಯೋಗವು ಖಂಡನಾರ್ಹ' ಎಂದು ಶುದ್ಧ ಮಾಡಿದೆ. ಬಾವ ಬಗ್ಗಿ ಓದಿ, ಇದೂ ಅವನೇ ಬರ್ದಂಗದಲ್ಲಾ ಎಂದರು. ಅಳಿಸಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿದೆ.

ಅನುವಾದದ ದೂರುಗಳು ನೇರ ಅನುವಾದಕನಿಗೇ ಹೋಗುತ್ತವೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ಜೇಬಿನಲ್ಲಿ ಫೋನು ಟಿಣ್ ಎಂದಿತು.

"ಅವನ್ಗೆ ಮುಟ್ತಾದಾ?" ಎಂದು ಬಾವ ಕೇಳಿದರು.

"ಮುಟ್ಟಿತು ಬಾವ," ಎಂದೆ.